ಬಾಕಿ ನೂರೈವತ್ತು

ಒದ್ದೆ ಟವಲಿನಲ್ಲಿ ಸುತ್ತಿ, ಮೂರು ರೈಲು ಬದಲಿಸಿ
ಹವಾಲ್ದಾರ್ ಲೋಕಪ್ಪ ತಂದ ಮೂರು ಕಡ್ಡಿ.
ಚಿಕ್ಕಮಗಳೂರಿನಿಂದ ಮೇಲೆ, ಕೈಮರದ ಚೆಕ್‌ಪೋಸ್ಟಿಗಿಂತ ಕೆಳಗೆ
ನನ್ನ ನರ್ಸರಿ: ಕಾಫಿ ಸಸಿ, ಮೆಣಸಿನ ಬಳ್ಳಿ,
ಟೂರಿಸ್ಟರಿಗೆಂದು ಒಂದಿಷ್ಟು ಗುಲಾಬಿ.
"ಜುಬೇದಮ್ಮ, ಇದು ಭೂರ್ಜ. ಮೈಯೆಲ್ಲ ಹಾಲು ಬಿಳುಪು.
ನಮ್ಮ ಕ್ಯಾಂಪಿನ ಹಿಂದೆ ಹಿಮ ಯಾವುದು, ಮರ ಯಾವುದು ತಿಳಿಯುವುದಿಲ್ಲ.
ಋಷಿಗಳು ಇದರ ತೊಗಟೆಯ ಮೇಲೇ ಬರೆಯುತ್ತಿದ್ದರಂತೆ."
ನೋಡಿದೆ. ಮೂರೂ ಕಂದು.
ಕಾಫಿ ಕಡ್ಡಿಗಿಂತ ಸಣಕಲು.

ಬಿಳುಪೆಲ್ಲಿ ಎಂದರೆ ಅವನಿಗೂ ಗೊತ್ತಿಲ್ಲ.
ಕುಂಡಕ್ಕೂ ಗೊಬ್ಬರಕ್ಕೂ ನೂರೈವತ್ತು ಎಂದೆ.
"ಮುಂದಿನ ರಜೆಗೆ" ಎಂದು ಬಸ್ಸು ಹತ್ತಿದ.

ಗುರುತು ಹಿಡಿಯಲು ಒಂದು ಮಳೆಗಾಲವೇ ಬೇಕಾಯಿತು.
ಎಲೆಯ ಬುಡ ಅಗಲ, ತುದಿ ಚೂಪು,
ಅಂಚಿಗೆ ಗರಗಸ; ಭೂತಗನ್ನಡಿ ಹಿಡಿದರೆ
ಪ್ರತಿ ಹಲ್ಲಿಗೂ ಒಂದು ಮರಿಹಲ್ಲು.
ತೊಗಟೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆ,
ಯಾರೋ ಉಗುರಿನಿಂದ ದಿನ ಲೆಕ್ಕ ಹಾಕಿದ ಹಾಗೆ.
ಬಿಳುಪು ನೋಡಬೇಡಿ, ಗೆರೆ ನೋಡಿ,
ಈಗ ಕೇಳಿದವರಿಗೆಲ್ಲ ಹೀಗೇ ಹೇಳುತ್ತೇನೆ.
ಬಿಳುಪು ನಂದಿ ಮರಕ್ಕೂ ಉಂಟು, ನೀಲಗಿರಿಗೂ ಉಂಟು,
ಸುಣ್ಣ ಬಳಿದರೆ ರಸ್ತೆ ಬದಿಯ ಹಲಸಿಗೂ.

ಸಾಕುವುದು ಬೇರೆ ಪಾಠ.
ತಲೆಗೆ ಬಿಸಿಲು ಬೇಕು, ಕಾಲಿಗೆ ನೆರಳು.
ಬೇರು ಆಳಕ್ಕಿಳಿಯುವ ಪೈಕಿಯದಲ್ಲ,
ಮಣ್ಣಿನ ಮೇಲ್ಪದರದಲ್ಲೇ ಬರಿಗಾಲಲ್ಲಿ ತಿರುಗುತ್ತದೆ;
ಏಪ್ರಿಲಿನಲ್ಲಿ ನೆಲ ಕಾದರೆ ಕತೆ ಮುಗಿಯಿತು.
ಕಾಫಿ ಸಿಪ್ಪೆ ಹಾಸಿದೆ. ಅದರ ಮೇಲೆ ಸಿಲ್ವರ್ ಓಕಿನ ತರಗು.
ಹಳೇ ಗೋಣಿ ನೆನೆಸಿ ಬುಡಕ್ಕೆ ಸುತ್ತಿದೆ,
ಅದು ಒಣಗಿತೆಂದರೆ ನನಗೂ ಬಾಯಾರುತ್ತಿತ್ತು.
ಫೆಬ್ರವರಿಯಲ್ಲಿ ಒಂದು ರೆಂಬೆ ಕತ್ತರಿಸಿ ತಪ್ಪು ಮಾಡಿದೆ:
ಮೂರು ದಿನ ಗಾಯದಿಂದ ನೀರು ತೊಟ್ಟಿಕ್ಕಿತು.
ಮೊದಲ ಬೇಸಿಗೆಗೆ ಒಂದು ಹೋಯಿತು.

ಡಿಸೆಂಬರಿನಲ್ಲಿ ಉಳಿದೆರಡೂ ಹಳದಿಯಾಗಿ ಎಲೆ ಚೆಲ್ಲಿದವು.
ಕೆಲಸದ ಹುಡುಗ ಯೋಗೀಶ, ಸತ್ತಿತೆಂದು
ಒಂದನ್ನು ಕಿತ್ತು ತಿಪ್ಪೆಗೆ ಎಸೆದ.
ಸಂಜೆ ಹೆಕ್ಕಿ ತಂದು ಉಗುರಿನಿಂದ ಕೆರೆದೆ.
ಸಿಪ್ಪೆಯಡಿ ಹಸಿರು, ಎಳೆ ಹುರುಳಿಕಾಯಿಯ ಹಸಿರು.
ಬೈದೆ. ಅವನೂ ಬಿಡಲಿಲ್ಲ:
"ನಿದ್ದೆ ಮಾಡೋ ಮರ ಅಂತ ಮೊದಲೇ ಹೇಳ್ಬಾರ್ದಿತ್ತಾ?"
ಮರುದಿನ ತಾನೇ ರಟ್ಟು ಕತ್ತರಿಸಿ, ಬರೆದು, ಕಟ್ಟಿದ:
ಮಲಗಿದೆ. ಕೀಳಬೇಡಿ.
ತಿಪ್ಪೆಯಿಂದ ಎದ್ದದ್ದು ಚಿಗುರಿತು.
ಕದಲದೆ ನಿಂತಿದ್ದ ಅದರ ಜೊತೆಯದು ಚಿಗುರಲಿಲ್ಲ.
ಯಾಕೆಂದು ನನ್ನನ್ನು ಕೇಳಬೇಡಿ.

ಪ್ರತಿ ರಜೆಗೂ ಲೋಕಪ್ಪ ಬರುತ್ತಾನೆ, ಸುತ್ತ ನಡೆದು
"ಇನ್ನೂ ಕಂದೇ?" ಎನ್ನುತ್ತಾನೆ.
"ಹುಟ್ಟುವಾಗಲೇ ಮೀಸೆ ಇತ್ತಾ ನಿನಗೆ?"
ಟೀ ಕುಡಿದು ಹೋಗುತ್ತಾನೆ.
ಹೋಂಸ್ಟೇ ಮಾಲೀಕರೊಬ್ಬರು ಬಂದಿದ್ದರು,
ಬಿಳಿಯಾದ ಮೇಲೆ ಎರಡು ಸಾವಿರ, ಜನ ಫೋಟೋ ತೆಗೆಸಿಕೊಳ್ಳಲಿಕ್ಕೆ.
ಮಾರಾಟಕ್ಕಿಲ್ಲ ಸ್ವಾಮಿ, ಅದು ಅಡವಿಟ್ಟ ಮಾಲು ಎಂದೆ.

ಐದನೆಯ ವರ್ಷ, ಮಳೆ ಬಿಟ್ಟ ಮೂರನೇ ದಿನ,
ಮೊಣಕಾಲೆತ್ತರದಲ್ಲಿ ಒಂದು ಅಂಚು ಎದ್ದಿತ್ತು.
ಎಳೆಯಲಿಲ್ಲ. ಎಳೆದರೆ ಒಳಚರ್ಮವೂ ಬರುತ್ತದೆ.
ಹನ್ನೊಂದು ದಿನ ಕಾದೆ; ಬೆಟ್ಟದ ಗಾಳಿ ಬಿಡಿಸಿಕೊಟ್ಟಿತು,
ಬಸ್ ಟಿಕೇಟಿನಗಲ, ಈರುಳ್ಳಿ ಸಿಪ್ಪೆಯ ತೆಳು,
ಹೊರಗೆ ಕಂದು, ಒಳಗೆ ಬಿಳಿಯೆನ್ನಲಾರೆ,
ಹಾಲಿಗೆ ಎರಡು ಹನಿ ಚಹಾ ಬಿದ್ದ ಬಣ್ಣ.

ಋಷಿಗಳು ಬರೆದ ತೊಗಟೆ.
ನಾನೇನು ಬರೆಯಲಿ?
ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೆರೆಗಳ ನಡುವೆ ಬರೆದೆ:
ಲೋಕಪ್ಪ. ಕುಂಡ, ಗೊಬ್ಬರ. ಬಾಕಿ ನೂರೈವತ್ತು.

ಅವನು ಎರಡು ಸಲ ಓದಿದ.
ಮಡಚದೆ, ಗುರುತಿನ ಚೀಟಿಯ ಪ್ಲಾಸ್ಟಿಕ್ಕಿನೊಳಗೆ ಜಾರಿಸಿಕೊಂಡ.
ದುಡ್ಡು ಮಾತ್ರ ಕೊಡಲಿಲ್ಲ.
"ಕೊಟ್ಟರೆ ಇದನ್ನು ಹರಿಯಬೇಕಲ್ಲ, ಜುಬೇದಮ್ಮ."